ಅಮಾದೀಸನ ಮರಣ: ಒಂದು ಕಥಾಮಾಲೆಯ ಎಂಟನೆಯ ಪುಸ್ತಕವೂ ಅದರ ವಾಚಕರೂ

ಸಾಹಿತ್ಯಚರಿತ್ರಕಾರರು ಕವಿಯ ಕಾಲ, ಗ್ರಂಥದ ಪಾಠ, ಕಥೆಯ ಆಕರ ಇವುಗಳನ್ನು ಕುರಿತು ಪಡುವಷ್ಟು ಶ್ರಮವನ್ನು ಆ ಗ್ರಂಥವನ್ನು ಓದಿದವರ ವಿಷಯದಲ್ಲಿ ಪಡುವುದು ವಿರಳ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಬರೆದವನು ತನ್ನ ಹೆಸರನ್ನು ಮುಖಪತ್ರದಲ್ಲಿ ಬಿಟ್ಟುಹೋಗುತ್ತಾನೆ. ಓದಿದವನು ಪುಸ್ತಕವನ್ನು ಮುಚ್ಚಿಟ್ಟು ಎದ್ದು ಹೋಗುತ್ತಾನೆ. ಅವನು ಮೆಚ್ಚಿದನೋ ಮುನಿದನೋ ಎಂಬುದಕ್ಕೆ ಶಾಸನವಿಲ್ಲ, ಓಲೆಗರಿಯಿಲ್ಲ. ಆದರೂ ವಾಚಕಸಮೂಹವೊಂದು ಒಂದು ಪುಸ್ತಕವನ್ನು ಬಹುಮಟ್ಟಿಗೆ ಒಕ್ಕೊರಲಿನಿಂದ ನಿರಾಕರಿಸಿದ ಗುರುತು ಕೆಲವು ವೇಳೆ ಚರಿತ್ರೆಯಲ್ಲಿ ಉಳಿದಿರುವುದುಂಟು. ೧೫೨೬ನೆಯ ಇಸವಿಯಲ್ಲಿ ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಅಚ್ಚಾದ, ಅಮಾದೀಸ ಕಥಾಮಾಲೆಯ ಎಂಟನೆಯ ಪುಸ್ತಕದ ಗತಿ ಅಂಥದು. ಆ ಪುಸ್ತಕದ ಕರ್ತೃ ಹುವಾನ್ ದೀಯಾಸ್. ಅವನು ಮಾಡಿದ ಅಪರಾಧ ಒಂದೇ: ಮನುಷ್ಯಮಾತ್ರನಾದ ಕಥಾನಾಯಕನು ಮುದುಕನಾಗಿ ಸತ್ತನೆಂದು ಬರೆದದ್ದು.

ಕಥಾಮಾಲೆಯ ಪರಿಚಯವನ್ನು ಮೊದಲು ಸಂಕ್ಷೇಪವಾಗಿ ಮಾಡಿಕೊಳ್ಳುವುದು ಅವಶ್ಯಕ. ಗೌಲ ದೇಶದ ರಾಜನಾದ ಪೆರಿಯೋನನಿಗೂ ಎಲಿಸೇನಾ ಎಂಬ ರಾಜಕುಮಾರಿಗೂ ರಹಸ್ಯವಾಗಿ ಹುಟ್ಟಿದ ಶಿಶುವನ್ನು ಪೆಟ್ಟಿಗೆಯಲ್ಲಿಟ್ಟು ನೀರಿನಲ್ಲಿ ತೇಲಿಬಿಡುತ್ತಾರೆ. ಅದು ಸಮುದ್ರವನ್ನು ಸೇರಿ, ಸ್ಕಾಟ್ಲೆಂಡಿನ ಒಬ್ಬ ಸರದಾರನ ಕೈಗೆ ಸಿಕ್ಕಿ, ‘ಕಡಲ ಕುವರ’ನೆಂಬ ಹೆಸರಿನಿಂದ ಬೆಳೆಯುತ್ತದೆ. ನಮ್ಮವರಿಗೆ ಕರ್ಣನ ನೆನಪು ಬಾರದಿರದು. ಆದರೆ ಇವನ ಪಾಲಿಗೆ ಬಂದ ಅದೃಷ್ಟ ಬೇರೆ. ಅಮಾದೀಸನು ಬ್ರಿಟನ್ನಿನ ದೊರೆ ಲಿಸುವಾರ್ತೆಯ ಮಗಳಾದ ಒರಿಯಾನಾ ಎಂಬವಳಲ್ಲಿ ಬಾಲ್ಯದಿಂದಲೇ ಅನುರಕ್ತನಾಗಿ, ಆಕೆಯ ಸಲುವಾಗಿ ದೈತ್ಯರನ್ನೂ ಮಾಟಗಾರರನ್ನೂ ಗೆದ್ದು, ಎಂದ್ರಿಯಾಗೊ ಎಂಬ ಘೋರಮೃಗವನ್ನು ಕೊಂದು, ಆಕೆಯ ಒಂದು ಕೋಪದ ಓಲೆಯಿಂದ ಮನನೊಂದು ಬಂಡೆಯೊಂದರ ಮೇಲೆ ತಪಸ್ವಿಯಂತೆ ಕುಳಿತು, ಕಡೆಗೆ ಆಕೆಯನ್ನು ವರಿಸುತ್ತಾನೆ. ಉರ್ಗಾಂದಾ ಎಂಬ ಮಾಯಾವಿನಿ ಅವನ ರಕ್ಷಕಿ. ಇಷ್ಟು ನಾಲ್ಕು ಪುಸ್ತಕಗಳ ಕಥೆ. ಇದನ್ನು ಹಳೆಯ ಪ್ರತಿಗಳಿಂದ ತಿದ್ದಿ ಈಗ ದೊರೆಯುವ ರೂಪಕ್ಕೆ ತಂದವನು ಮೆದೀನಾ ದೆಲ್ ಕಾಂಪೊ ಪಟ್ಟಣದ ಪುರಸಭಾ ಸದಸ್ಯನಾಗಿದ್ದ ಗಾರ್ಸಿ ರೊದ್ರೀಗೆಸ್ ದೆ ಮೊಂತಾಲ್ವೊ. ಉಳಿದುಬಂದಿರುವ ಅತಿ ಪ್ರಾಚೀನ ಮುದ್ರಣ ೧೫೦೮ರಲ್ಲಿ ಸರಗೋಸಾ ನಗರದಲ್ಲಿ ಆದದ್ದು. ಮೊಂತಾಲ್ವೊ ತಾನೇ ಐದನೆಯ ಪುಸ್ತಕವನ್ನೂ ರಚಿಸಿ, ಅಮಾದೀಸನ ಮಗನಾದ ಎಸ್ಪ್ಲಾಂದಿಯಾನನ ಸಾಹಸಗಳನ್ನು ವರ್ಣಿಸಿದನು. ಅದು ೧೫೧೦ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯ ಎಂಬ ದೇಶನಾಮವು ಮೊದಲು ಕಾಣಿಸುವುದು ಈ ಐದನೆಯ ಪುಸ್ತಕದ ಒಂದು ಕಲ್ಪಿತ ದ್ವೀಪದ ಹೆಸರಾಗಿ ಎಂಬುದು ಪ್ರಸಿದ್ಧ ವಿಷಯ.

ಐದನೆಯ ಪುಸ್ತಕದ ಕೊನೆಯಲ್ಲಿ ಮೊಂತಾಲ್ವೊ ಒಂದು ಯುಕ್ತಿಯನ್ನು ಹೂಡಿದ್ದಾನೆ. ಅಮಾದೀಸ, ಒರಿಯಾನಾ ಮೊದಲಾದವರಿಗೆ ಮುಪ್ಪು ಸಮೀಪಿಸುತ್ತಿರುವುದನ್ನು ಕಂಡು ಉರ್ಗಾಂದೆಯು ಅವರನ್ನು ಒಂದು ದ್ವೀಪದಲ್ಲಿ ಮಂತ್ರನಿದ್ರೆಯಲ್ಲಿ ಮುಳುಗಿಸುತ್ತಾಳೆ. ಕಥೆ ಮುಗಿದಿತ್ತು, ನಾಯಕನು ಸತ್ತಿರಲಿಲ್ಲ. ಮುಂದೆ ಬಂದವರ ತೊಡಕೆಲ್ಲವೂ ಈ ಒಂದು ಬಾಗಿಲು ಪೂರ್ತಿ ಮುಚ್ಚದೆ ಉಳಿದದ್ದರಿಂದ ಹುಟ್ಟಿತು.

೧೫೧೦ರಲ್ಲಿಯೇ ರುಯ್ ಪಾಯೆಸ್ ದೆ ರಿಬೆರಾ ಎಂಬವನು ಸಾಲಮಾಂಕಾ ನಗರದಲ್ಲಿ ಆರನೆಯ ಪುಸ್ತಕವನ್ನು ಪ್ರಕಟಿಸಿದನು. ಅದರ ನಾಯಕ ಅಮಾದೀಸನ ಸೋದರನ ಮಗನಾದ ಫ್ಲೊರಿಸಾಂದೊ. ಪಾಯೆಸನು ಧರ್ಮನಿಷ್ಠ. ಮಾಟಮಂತ್ರಗಳು ಕ್ರೈಸ್ತನಿಗೆ ತಕ್ಕವಲ್ಲವೆಂಬುದು ಅವನ ಖಂಡಿತವಾದ ಮತ. ಆದುದರಿಂದ ಉರ್ಗಾಂದೆಯ ಮಂತ್ರನಿದ್ರೆಯು ಅವನ ಪುಸ್ತಕದಲ್ಲಿ ದೈವಬಲದಿಂದ ಒಡೆಯುತ್ತದೆ. ಅದ್ಭುತಕಥೆಯ ವಾಚಕನಿಗೆ ಅದ್ಭುತವೇ ತಪ್ಪೆಂದು ಬೋಧಿಸುವ ಈ ಗ್ರಂಥವು ಹೆಚ್ಚಾಗಿ ಹರಡಿದಂತೆ ತೋರುವುದಿಲ್ಲ. ನಾಲ್ಕು ವರ್ಷಗಳ ಅನಂತರ, ೧೫೧೪ರಲ್ಲಿ, ಏಳನೆಯ ಪುಸ್ತಕ ಸೆವಿಲ್ ನಗರದಿಂದ ಹೊರಬಂದಿತು. ಎಸ್ಪ್ಲಾಂದಿಯಾನನ ಮಗನಾದ ಲಿಸುವಾರ್ತೆ ಇದರ ನಾಯಕ. ಇದನ್ನು ಬರೆದವನು ಸಿಯುದಾದ್ ರೊದ್ರೀಗೊ ಪಟ್ಟಣದ ಫೆಲಿಸಿಯಾನೊ ದೆ ಸಿಲ್ವಾ. ಈತನು ಆರನೆಯ ಪುಸ್ತಕವನ್ನು ಕಂಡೂ ಕಾಣದವನಂತೆ ದಾಟಿ, ನೇರವಾಗಿ ಐದನೆಯದಕ್ಕೆ ತನ್ನ ಕಥೆಯನ್ನು ಹೆಣೆದನು. ಮಾಟ, ಮಾಯೆ, ಪ್ರೇಮ, ಅಸೂಯೆ ಇವೆಲ್ಲವೂ ಮೊದಲಿನ ವೈಭವದೊಡನೆ ಹಿಂದಿರುಗಿದವು. ಹದಿನಾರನೆಯ ಶತಮಾನದಲ್ಲಿ ಈ ಪುಸ್ತಕಕ್ಕೆ ಹತ್ತರ ಸುಮಾರು ಮುದ್ರಣಗಳಾದುವು. ಕೊನೆಯಲ್ಲಿ ಸಿಲ್ವಾ, ವಾಚಕರು ಮುಂದಿನ ಪುಸ್ತಕಕ್ಕಾಗಿ ಕಾದಿರಲೇಬೇಕಾದಂಥ ಒಂದು ಸಂಗತಿಯನ್ನು ಇಟ್ಟಿದ್ದಾನೆ: ಲಿಸುವಾರ್ತೆಗೆ ಹುಟ್ಟಿದ, ಎದೆಯ ಮೇಲೆ ಕತ್ತಿಯ ಗುರುತುಳ್ಳ ಶಿಶುವನ್ನು ಕಡಲುಗಳ್ಳರು ಅಪಹರಿಸುತ್ತಾರೆ. ಆ ಮಗು ಏನಾಯಿತು? ಸಿಲ್ವಾ ಹದಿನಾರು ವರ್ಷ ಉತ್ತರ ಹೇಳಲಿಲ್ಲ.

ಈ ಮೌನದ ನಡುವೆ ಹುವಾನ್ ದೀಯಾಸನ ಎಂಟನೆಯ ಪುಸ್ತಕ ಬಂದಿತು. ದೀಯಾಸನು ಚರ್ಚಿನ ಧರ್ಮಶಾಸ್ತ್ರದಲ್ಲಿ ಪದವೀಧರ. ಗ್ರಂಥವನ್ನು ಪೋರ್ಚುಗಲ್ಲಿನ ಎರಡನೆಯ ಜೊವಾವೊ ದೊರೆಯ ಮಗನೂ ಕೊಯಿಂಬ್ರದ ಡ್ಯೂಕನೂ ಆದ ಜಾರ್ಜನಿಗೆ ಅರ್ಪಿಸಿದ್ದಾನೆ. ಮುದ್ರಿಸಿದವರು ಆ ಕಾಲದ ಸ್ಪೇನಿನಲ್ಲಿ ಬಹು ಪ್ರಬಲರಾಗಿದ್ದ ಕ್ರೊಂಬೆರ್ಗೆರ್ ಮನೆತನದವರು; ಆದ್ದರಿಂದ ಪುಸ್ತಕವು ಜನರ ಕೈಗೆ ತಲುಪಲಿಲ್ಲವೆಂದು ಹೇಳಲು ಅವಕಾಶವಿಲ್ಲ. ಇನ್ನೊಂದು ಸ್ವಾರಸ್ಯವಾದ ಅಂಶವೆಂದರೆ, ಅಮಾದೀಸನ ಮೊಮ್ಮಗನಾದ ಲಿಸುವಾರ್ತೆಯ ಸಾಹಸಗಳನ್ನೂ ಕೀರ್ತಿವಂತನಾದ ಅಮಾದೀಸ ರಾಜನ ಮರಣವನ್ನೂ ಈ ಗ್ರಂಥ ತಿಳಿಸುತ್ತದೆಂದು ಮುಖಪತ್ರದಲ್ಲಿಯೇ ಸಾರಲಾಗಿದೆ. ಮರಣವು ವಾಚಕರಿಂದ ಮರೆಮಾಡಿದ ಆಘಾತವಲ್ಲ. ಅವರನ್ನು ಕರೆಯಲು ಕಟ್ಟಿದ ತೋರಣ. ಒಂದು ಯುಗವೇ ಮುಗಿಯುವ ಸಂಗತಿಯನ್ನು ಯಾರು ತಾನೆ ಓದದೆ ಬಿಟ್ಟಾರು ಎಂದು ಕರ್ತೃವೋ ಮುದ್ರಕನೋ ಎಣಿಸಿರಬೇಕು.

ದೀಯಾಸನ ಪುಸ್ತಕದಲ್ಲಿ ಅಮಾದೀಸನು ಯುದ್ಧದಲ್ಲಿ ಬೀಳುವುದಿಲ್ಲ. ಶತ್ರುವಿನ ಕಪಟಕ್ಕೂ ಬಲಿಯಾಗುವುದಿಲ್ಲ. ವಯಸ್ಸು ತುಂಬಿ, ಧರ್ಮವಂತನಾದ ಒಬ್ಬ ಅರಸನಂತೆ ಸಾಯುತ್ತಾನೆ. ಉತ್ತರಕ್ರಿಯೆಯು ವಿಸ್ತಾರವಾಗಿ ವರ್ಣಿತವಾಗಿದೆ. ವಿಧವೆಯಾದ ಒರಿಯಾನಾ ಸನ್ಯಾಸಿನಿಯಾಗಿ ಮಠವನ್ನು ಸೇರುತ್ತಾಳೆ. ಮಾಯಾವಿನಿಯ ದೋಣಿ ಬರುವುದಿಲ್ಲ. ಆರನೆಯ ಪುಸ್ತಕದ ಪಾಯೆಸನಂತೆಯೇ ದೀಯಾಸನಿಗೂ ವೀರಜೀವನಕ್ಕೆ ಒಂದು ತಾತ್ಪರ್ಯವಿರಬೇಕು, ಆ ತಾತ್ಪರ್ಯವು ಪರಲೋಕದ ಕಡೆಗೆ ಮುಖಮಾಡಿರಬೇಕು. ಶಾಸ್ತ್ರದೃಷ್ಟಿಯಿಂದ ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಕಥೆಯೊಳಗಿನ ವರ್ಷಗಳನ್ನು ಕೂಡಿಸಿ ನೋಡಿದರೆ ಅಮಾದೀಸನಿಗೆ ಮರಣಕಾಲ ಬಂದೇ ಇತ್ತು. ದೀಯಾಸನ ಲೆಕ್ಕದಲ್ಲಿ ತಪ್ಪಿಲ್ಲ.

ವಾಚಕರು ಈ ಲೆಕ್ಕವನ್ನು ಒಪ್ಪಲಿಲ್ಲ. ಒಪ್ಪಲಿಲ್ಲವೆಂಬುದಕ್ಕೆ ಪ್ರಮಾಣವೇನು? ಮೊದಲನೆಯದು ಮುದ್ರಣಗಳ ಸಾಕ್ಷ್ಯ. ಎಂಟನೆಯ ಪುಸ್ತಕವು ೧೫೨೬ರ ಆ ಒಂದು ಮುದ್ರಣವನ್ನು ಬಿಟ್ಟು ಆ ಶತಮಾನದಲ್ಲಿ ಮತ್ತೆ ಅಚ್ಚಾದಂತೆ ಗೊತ್ತಿಲ್ಲ. ಇದೇ ಮಾಲೆಯ ಒಂಬತ್ತನೆಯ ಪುಸ್ತಕಕ್ಕಾದರೋ ೧೫೩೦ರಿಂದ ೧೫೯೬ರವರೆಗೆ ಏಳು ಮುದ್ರಣಗಳುಂಟು. ಇಂಥ ಪುಸ್ತಕಗಳು ಕೈಯಿಂದ ಕೈಗೆ ಹೋಗಿ ಹರಿದು ನಾಶವಾಗುತ್ತಿದ್ದುದರಿಂದ, ಇದ್ದ ಮುದ್ರಣವೊಂದು ಗುರುತಿಲ್ಲದೆ ಅಳಿದಿರಬಹುದಲ್ಲವೇ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಮಾಲೆಯ ಉಳಿದ ಪುಸ್ತಕಗಳು ಪುನರ್ಮುದ್ರಣವಾಗಿ ಉಳಿದಿರುವಾಗ ಇದೊಂದಕ್ಕೆ ಮಾತ್ರ ಕಾಲವು ವಿಶೇಷವಾಗಿ ದ್ವೇಷ ಸಾಧಿಸಿತೆಂದು ನಂಬುವುದು ಕಷ್ಟ. ಲಾಭವನ್ನು ಬಲ್ಲ ಮುದ್ರಕರು ಮಾರಾಟವಾಗುವ ಪುಸ್ತಕವನ್ನು ಮರೆಯುವವರಲ್ಲ.

ಎರಡನೆಯ ಪ್ರಮಾಣ ಹೆಚ್ಚು ಸ್ಪಷ್ಟವಾದುದು. ಅದು ಪ್ರತಿಸ್ಪರ್ಧಿಯ ಬಾಯಿಂದಲೇ ಬಂದುದಾದ್ದರಿಂದ ಹೆಚ್ಚು ಎಚ್ಚರಿಕೆಯಿಂದ ಪರಿಶೀಲಿಸತಕ್ಕುದೂ ಹೌದು. ೧೫೩೦ರಲ್ಲಿ ಸಿಲ್ವಾ ಕಡೆಗೂ ಮಾತನಾಡಿದನು. ಕಡಲುಗಳ್ಳರು ಒಯ್ದ ಆ ಶಿಶುವೇ ‘ಗ್ರೀಸಿನ ಅಮಾದೀಸ’ನೆಂಬ ಹೊಸ ನಾಯಕ. ಕ್ವೆಂಕಾ ನಗರದಲ್ಲಿ ಅಚ್ಚಾದ ಈ ಪುಸ್ತಕದಲ್ಲಿ, ಅಚ್ಚಿನ ಕರಡು ತಿದ್ದಿದವನದೆಂದು ಹೇಳಿರುವ ಒಂದು ಸೂಚನೆಯಿದೆ. ಈ ಪುಸ್ತಕವನ್ನು ಒಂಬತ್ತನೆಯದೆಂದು ಕರೆದಿದ್ದರೂ ನ್ಯಾಯವಾಗಿ ಇದೇ ಎಂಟನೆಯದು, ಏಳನೆಯದಕ್ಕೆ ಇದೇ ಮುಂದುವರಿಕೆ. ಎಂಟನೆಯದೆಂದು ಮತ್ತೊಂದು ಈಗಾಗಲೇ ಹೊರಬಿದ್ದಿರುವುದರಿಂದ ಸಂಖ್ಯೆಯಲ್ಲಿ ಗಲಿಬಿಲಿಯಾಗಬಾರದೆಂದು ಹೀಗೆ ಹೆಸರಿಟ್ಟದ್ದು ಎಂಬುದು ಅದರ ಸಾರ. ಇಷ್ಟಕ್ಕೆ ನಿಲ್ಲದೆ, ಆ ಎಂಟನೆಯದು ಲೋಕದ ಬೆಳಕನ್ನು ಕಂಡು ಈ ಮಹಾವಂಶದ ಚರಿತ್ರೆಯನ್ನು ಕೆಡಿಸುವುದಕ್ಕಿಂತ ಹುಟ್ಟುವ ಮೊದಲೇ ಕರ್ತೃವಿನ ಕೈಯಲ್ಲಿ ನಶಿಸಿದ್ದರೆ ಮೇಲಾಗಿತ್ತೆಂಬ ಅಭಿಪ್ರಾಯವನ್ನೂ ಅಲ್ಲಿ ವ್ಯಕ್ತಪಡಿಸಲಾಗಿದೆ. ಕರಡು ತಿದ್ದುವವನೊಬ್ಬನು ತನ್ನಷ್ಟಕ್ಕೆ ಇಷ್ಟು ಕೋಪಗೊಳ್ಳುವುದು ಅಪರೂಪ. ಲೇಖನಿಯನ್ನು ಹಿಡಿದದ್ದು ಯಾವ ಕೈಯಾದರೂ ಮನಸ್ಸು ಸಿಲ್ವಾನದೆಂದು ಊಹಿಸಿದರೆ ಅನ್ಯಾಯವಾಗಲಾರದು.

ಈ ಸೂಚನೆಯಲ್ಲಿ ಕರ್ತೃವಿನ ಸ್ವಾರ್ಥವಿಲ್ಲವೆಂದಲ್ಲ. ತಾನು ಹೂಡಿ ಬಿಟ್ಟಿದ್ದ ಕಥೆಯನ್ನು ಮತ್ತೊಬ್ಬನು ಎತ್ತಿಕೊಂಡು ಬೇರೆ ದಾರಿ ಹಿಡಿದದ್ದರಿಂದ ಸಿಲ್ವಾನಿಗೆ ಸಿಟ್ಟು ಬಂದಿರುವುದು ಸಹಜ. ಆದರೆ ಆ ಕಾಲದಲ್ಲಿ ಗ್ರಂಥಸ್ವಾಮ್ಯವೆಂಬುದು ಈಗಿನ ಅರ್ಥದಲ್ಲಿ ಇರಲಿಲ್ಲ. ಅಮಾದೀಸನು ಯಾರ ಸ್ವತ್ತೂ ಅಲ್ಲ. ಸಿಲ್ವಾ ಸ್ವತಃ ಮೊಂತಾಲ್ವೊನಿಂದ ಅವನನ್ನು ಕೇಳದೆ ತೆಗೆದುಕೊಂಡವನೇ. ಎಂಟನೆಯ ಪುಸ್ತಕವನ್ನು ನ್ಯಾಯಾಸ್ಥಾನದಲ್ಲಿ ರದ್ದುಮಾಡಿಸುವ ದಾರಿಯಿಲ್ಲದ ಕಾರಣ ಅವನು ಅದನ್ನು ವಾಚಕರೆದುರಿಗೆ ರದ್ದುಮಾಡಿದನು. ಇದು ನಡೆದದ್ದು ವಾಚಕರು ಅವನ ಪಕ್ಷದಲ್ಲಿದ್ದುದರಿಂದ. ಸತ್ತವನೆಂದು ಜನರು ನಂಬಿದ್ದ ನಾಯಕನು ಒಂಬತ್ತನೆಯ ಪುಸ್ತಕದಲ್ಲಿ ಕ್ಷೇಮವಾಗಿ ಓಡಾಡುವುದನ್ನು ಕಂಡು ಪುಸ್ತಕವನ್ನು ಕೊಳ್ಳದೆ ಬಿಟ್ಟವರು ಹೆಚ್ಚು ಮಂದಿ ಇದ್ದಿದ್ದರೆ ಏಳು ಮುದ್ರಣಗಳು ಆಗುತ್ತಿರಲಿಲ್ಲ. ಇಲ್ಲಿಂದ ಮುಂದೆ ಸಿಲ್ವಾನ ಪುಸ್ತಕಗಳಲ್ಲಿ ಮುತ್ತಾತನಾದ ಅಮಾದೀಸನು ಮಂತ್ರಬಲದಿಂದ ಮುಪ್ಪಿಗೆ ದೂರನಾಗಿ ಮರಿಮಕ್ಕಳ ಜತೆಯಲ್ಲಿಯೇ ಕುದುರೆಯೇರಿ ಹೋರಾಡುತ್ತಾನೆ. ವಂಶವೃಕ್ಷವು ಕೊಂಬೆಗೆ ಕೊಂಬೆ ಕೂಡಿ ಬೆಳೆಯುತ್ತದೆ, ಬೇರು ಒಣಗುವುದಿಲ್ಲ. ಸತ್ತವರನ್ನು ಎಬ್ಬಿಸುವುದರಲ್ಲಿ ಸಿಲ್ವಾನ ಕೈ ಪಳಗಿದುದೆಂದು ತೋರುತ್ತದೆ. ೧೫೩೪ರಲ್ಲಿ ಅವನು ರಚಿಸಿದ ‘ಎರಡನೆಯ ಸೆಲೆಸ್ತಿನಾ’ ಎಂಬ ಸಂವಾದಗ್ರಂಥದಲ್ಲಿ, ಮೂಲಕೃತಿಯಲ್ಲಿ ಕೊಲೆಯಾಗಿದ್ದ ಮುದುಕಿಯು ಮತ್ತೆ ಪ್ರತ್ಯಕ್ಷಳಾಗುತ್ತಾಳೆ.

ಮೂರನೆಯ ಪ್ರಮಾಣವು ಫ್ರಾನ್ಸ್ ದೇಶದ್ದು. ನಿಕೊಲಾ ಎರ್ಬೆರೆ ದೆ ಎಸ್ಸಾರ್ ಎಂಬವನು ೧೫೪೦ರಿಂದ ೧೫೪೮ರವರೆಗೆ ಅಮಾದೀಸ ಮಾಲೆಯನ್ನು ಫ್ರೆಂಚ್ ಭಾಷೆಗೆ ತಂದನು. ಅವನ ಎಂಟು ಸಂಪುಟಗಳನ್ನು ಸ್ಪ್ಯಾನಿಷ್ ಮೂಲದೊಡನೆ ಹೋಲಿಸಿದರೆ ಐದರವರೆಗೆ ಸಂಖ್ಯೆ ಸರಿಹೊಂದುತ್ತದೆ. ಫ್ರೆಂಚಿನ ಆರನೆಯದು ಮೂಲದ ಏಳನೆಯದು. ಫ್ರೆಂಚಿನ ಏಳು ಮತ್ತು ಎಂಟು ಸೇರಿದರೆ ಮೂಲದ ಒಂಬತ್ತು. ಪಾಯೆಸನ ಆರನೆಯ ಪುಸ್ತಕವೂ ದೀಯಾಸನ ಎಂಟನೆಯ ಪುಸ್ತಕವೂ ಅಲ್ಲಿ ಇಲ್ಲವೇ ಇಲ್ಲ. ಧರ್ಮಬೋಧೆಯ ಎರಡು ಪುಸ್ತಕಗಳನ್ನೇ ಆರಿಸಿ ಬಿಟ್ಟಿರುವುದು ಆಕಸ್ಮಿಕವೆನ್ನುವಂತಿಲ್ಲ. ಭಾಷಾಂತರಕಾರನೂ ಒಬ್ಬ ವಾಚಕನೇ. ಅವನು ಕೈಬಿಟ್ಟದ್ದು ಅವನ ವಿಮರ್ಶೆ.

ಇನ್ನು ಬಿಡಿ ವಾಚಕರ ಮಾತು. ಈ ವರ್ಷಗಳಲ್ಲಿ ಇಂಥ ಪುಸ್ತಕಗಳನ್ನು ಓದಿದವರಲ್ಲಿ ಕೆಲವರು ಮುಂದೆ ಪ್ರಸಿದ್ಧರಾಗಿ ತಮ್ಮ ಓದನ್ನು ಕುರಿತು ಬರೆದಿಟ್ಟಿರುವುದು ಅದೃಷ್ಟ. ೧೫೧೫ರಲ್ಲಿ ಹುಟ್ಟಿದ ಅವಿಲಾದ ಸಂತ ತೆರೇಸಾ ತನ್ನ ಆತ್ಮಚರಿತ್ರೆಯಲ್ಲಿ, ತಾಯಿಗೆ ವೀರಕಥೆಗಳ ಓದಿನಲ್ಲಿ ಪ್ರೀತಿಯಿತ್ತೆಂದೂ ತಂದೆಗೆ ಅದು ಹಿಡಿಸದ ಕಾರಣ ಅವರಿಗೆ ಕಾಣದಂತೆ ಓದುತ್ತಿದ್ದುದಾಗಿಯೂ ಹೇಳಿಕೊಂಡಿದ್ದಾಳೆ. ಹೊಸ ಪುಸ್ತಕವೊಂದು ಕೈಯಲ್ಲಿಲ್ಲದಿದ್ದರೆ ತನಗೆ ಸಂತೋಷವೇ ಇರುತ್ತಿರಲಿಲ್ಲವೆಂಬುದು ಆಕೆಯ ಒಪ್ಪಿಗೆ. ಪುಸ್ತಕಗಳ ಹೆಸರನ್ನು ಆಕೆ ಹೇಳುವುದಿಲ್ಲ. ಆದರೆ ಕಾಲವು ಎಂಟನೆಯ ಪುಸ್ತಕದ ಕಾಲವೇ; ಮತ್ತು ‘ಹೊಸ ಪುಸ್ತಕ’ದ ಆ ಹಸಿವು ಇಂಥ ಕಥಾಮಾಲೆಗಳ ಪ್ರಾಣ. ಮುಂದೆ ಒಂದು ಪುಸ್ತಕ ಬರಲಿದೆಯೆಂಬ ನಂಬಿಕೆಯಲ್ಲಿ ಓದುವವಳಿಗೆ ನಾಯಕನ ಉತ್ತರಕ್ರಿಯೆಯು ಒಂದು ಕಥಾಂಗವಾಗಿ ಮಾತ್ರವಲ್ಲ, ತನ್ನ ಮನೆಗೆ ಬಂದ ನಷ್ಟವಾಗಿಯೂ ತೋರಿದ್ದರೆ ಆಶ್ಚರ್ಯವಿಲ್ಲ.

ಸುಮಾರು ೧೫೩೫ರಲ್ಲಿ ಹುವಾನ್ ದೆ ವಾಲ್ದೆಸ್ ನೇಪಲ್ಸಿನಲ್ಲಿ ಬರೆದ ಭಾಷಾವಿಷಯಕವಾದ ಸಂವಾದವು ಇನ್ನೊಂದು ಬಗೆಯ ವಾಚಕನನ್ನು ತೋರಿಸುತ್ತದೆ. ಇದು ಅಚ್ಚಾದದ್ದು ೧೭೩೭ರಲ್ಲಿ. ಆದರೆ ಮಾತು ಆ ಕಾಲದ್ದೇ. ತನ್ನ ಆಯುಸ್ಸಿನ ಅತ್ಯುತ್ತಮವಾದ ಹತ್ತು ವರ್ಷಗಳನ್ನು ಅರಮನೆಗಳಲ್ಲಿ ಈ ಸುಳ್ಳುಗಳನ್ನು ಓದುವುದರಲ್ಲಿಯೇ ಕಳೆದುದಾಗಿ ವಾಲ್ದೆಸ್ ಒಪ್ಪಿಕೊಳ್ಳುತ್ತಾನೆ. ಮೊದಲ ಅಮಾದೀಸನಲ್ಲಿ ಅವನು ಶೈಲಿಯ ದೋಷಗಳನ್ನು ಎಣಿಸಿದರೂ ಅದನ್ನು ಓದತಕ್ಕದ್ದೆಂದೇ ಭಾವಿಸುತ್ತಾನೆ. ಎಸ್ಪ್ಲಾಂದಿಯಾನ್, ಫ್ಲೊರಿಸಾಂದೊ, ಲಿಸುವಾರ್ತೆ ಇವುಗಳನ್ನೋ, ಅತಿ ಸುಳ್ಳಿನವು ಮಾತ್ರವಲ್ಲದೆ ರಚನೆಯಲ್ಲಿಯೂ ಕೆಟ್ಟವು ಎಂದು ಒಟ್ಟಿಗೆ ತಳ್ಳಿಹಾಕುತ್ತಾನೆ. ಇಲ್ಲಿ ಹೇಳಿರುವ ಲಿಸುವಾರ್ತೆ ಸಿಲ್ವಾನ ಏಳನೆಯದೋ ದೀಯಾಸನ ಎಂಟನೆಯದೋ ಎಂಬುದನ್ನು ವಾಲ್ದೆಸ್ ವಿಂಗಡಿಸುವುದಿಲ್ಲ. ವಿಂಗಡಿಸದೆ ಇರುವುದೇ ಗಮನಿಸತಕ್ಕ ಸಂಗತಿ. ಮನೆಯ ಹೆಣ್ಣುಮಗಳಿಗೂ ಪುಸ್ತಕದ ವ್ಯಾಪಾರಿಗೂ ಮುಖ್ಯವಾಗಿದ್ದ ಭೇದವು ಪಂಡಿತನಾದ ವಾಚಕನಿಗೆ ಕಾಣಿಸಲೇ ಇಲ್ಲ. ಅವನ ದೃಷ್ಟಿಯಲ್ಲಿ ಮೊದಲ ನಾಲ್ಕರ ಅನಂತರದ್ದೆಲ್ಲವೂ ಒಂದೇ ರಾಶಿ. ಸೆರ್ವಾಂಟೆಸ್ ೧೬೦೫ರ ‘ಡಾನ್ ಕ್ವಿಕ್ಸೋಟ್’ ಗ್ರಂಥದ ಆರನೆಯ ಅಧ್ಯಾಯದಲ್ಲಿ ಇದೇ ತೀರ್ಪನ್ನು ಹಾಸ್ಯವಾಗಿ ಕೊಟ್ಟಿದ್ದಾನೆ. ಪಾದ್ರಿಯೂ ಕ್ಷೌರಿಕನೂ ನಾಯಕನ ಪುಸ್ತಕಭಂಡಾರವನ್ನು ಶೋಧಿಸುವಾಗ ಮೂಲ ಅಮಾದೀಸನಿಗೆ ಪ್ರಾಣದಾನ ದೊರೆಯುತ್ತದೆ; ಎಸ್ಪ್ಲಾಂದಿಯಾನನೂ ಗ್ರೀಸಿನ ಅಮಾದೀಸನೂ ಕಿಟಕಿಯಿಂದ ಅಂಗಳಕ್ಕೆ ಬೀಳುತ್ತಾರೆ. ತಂದೆಯ ಪುಣ್ಯವು ಮಗನ ನೆರವಿಗೆ ಬರಲಿಲ್ಲ.

ಸ್ಪೇನಿನ ಸರ್ಕಾರವೂ ಒಂದು ರೀತಿಯ ವಾಚಕನಾಗಿತ್ತು. ೧೫೩೧ರಲ್ಲಿ ಹೊರಟ ರಾಜಾಜ್ಞೆಯು ಅಮಾದೀಸ ಮೊದಲಾದ ಕಥೆಗಳನ್ನು ಅಮೆರಿಕದ ಹೊಸ ನಾಡುಗಳಿಗೆ ಸಾಗಿಸಕೂಡದೆಂದು ವಿಧಿಸಿತು. ೧೫೫೫ರಲ್ಲಿ ವಾಲ್ಯದೊಲಿದ್ ನಗರದಲ್ಲಿ ಸೇರಿದ ಪ್ರತಿನಿಧಿಸಭೆಯು ಇಂಥ ಪುಸ್ತಕಗಳನ್ನು ಸ್ಪೇನಿನಲ್ಲಿಯೂ ನಿಷೇಧಿಸಬೇಕೆಂದು ಬೇಡಿಕೊಂಡಿತು. ಮಗಳನ್ನು ಮನೆಯಲ್ಲಿ ಭದ್ರವಾಗಿ ಬಿಟ್ಟುಬಂದೆನೆಂದು ತಾಯಿ ನಂಬಿರುವಾಗ ಮಗಳು ಒಳಗೆ ಓದುತ್ತಿರುವುದು ಇವುಗಳನ್ನೇ ಎಂಬುದು ಸಭೆಯ ದೂರು. ಈ ಮಾತುಗಳಲ್ಲಿ ಧರ್ಮಬೋಧಕವಾದ ಎಂಟನೆಯ ಪುಸ್ತಕಕ್ಕೆ ಯಾವ ವಿನಾಯಿತಿಯೂ ಇಲ್ಲ. ದೀಯಾಸನು ಯಾರನ್ನು ಮೆಚ್ಚಿಸಲು ನಾಯಕನನ್ನು ಸದ್ಗತಿಗೆ ಕಳುಹಿಸಿದನೋ ಅವರೂ ಅವನನ್ನು ಕಡೆಗಣಿಸಿದರು. ಪಾಪ, ಇತ್ತ ವಾಚಕರೂ ಇಲ್ಲ, ಅತ್ತ ಬೋಧಕರೂ ಇಲ್ಲ.

ಅಮಾದೀಸನ ಮರಣವನ್ನು ಕುರಿತು ಅತ್ಯಂತ ಪ್ರಸಿದ್ಧವಾದ ಸಾಕ್ಷ್ಯವು ಒಂದು ಕಥೆ. ೧೬೩೨ರಲ್ಲಿ ತೀರಿಕೊಂಡ ಪೋರ್ಚುಗೀಸ್ ಗೃಹಸ್ಥನಾದ ಫ್ರಾನ್ಸಿಸ್ಕೊ ದೆ ಪೋರ್ಚುಗಲ್ ಎಂಬವನ ಶೃಂಗಾರಶಿಷ್ಟಾಚಾರದ ಗ್ರಂಥವೊಂದು ೧೬೭೦ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಹೀಗಿದೆ: ಒಬ್ಬ ಸರದಾರನು ಬೇಟೆಯಿಂದ ಮನೆಗೆ ಬರುತ್ತಾನೆ. ಹೆಂಡತಿ, ಹೆಣ್ಣುಮಕ್ಕಳು, ದಾಸಿಯರು ಎಲ್ಲರೂ ಅಳುತ್ತಿದ್ದಾರೆ. ಮಗನೋ ಬಂಧುವೋ ತೀರಿಕೊಂಡರೇ ಎಂದು ಅವನು ಗಾಬರಿಯಿಂದ ಕೇಳುತ್ತಾನೆ. ಅಲ್ಲವೆನ್ನುತ್ತಾರೆ. ಮತ್ತೇಕೆ ಅಳು ಎಂದರೆ, ಅಮಾದೀಸನು ಸತ್ತನೆಂದು ಉತ್ತರ ಬರುತ್ತದೆ.

ಈ ಕಥೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಎಂಟನೆಯ ಪುಸ್ತಕಕ್ಕೂ ಇದರ ಪ್ರಕಟಣೆಗೂ ನಡುವೆ ನೂರನಾಲ್ವತ್ತನಾಲ್ಕು ವರ್ಷಗಳ ಅಂತರ. ಸರದಾರನಿಗೆ ಹೆಸರಿಲ್ಲ, ಮನೆಗೆ ಊರಿಲ್ಲ. ಹೆಂಗಸರ ಮರುಳನ್ನು ನಗೆಗೀಡುಮಾಡಲು ಹುಟ್ಟಿದ ಕಟ್ಟುಕಥೆಯಾಗಿರಲು ಸಾಕಷ್ಟು ಅವಕಾಶವಿದೆ. ಆದರೂ ಇದನ್ನು ಪೂರ್ತಿ ಬಿಸುಡುವುದು ತರವಲ್ಲ. ಮೊದಲನೆಯದಾಗಿ, ಮಾಲೆಯ ಪ್ರಕಟಿತ ಪುಸ್ತಕಗಳ ಪೈಕಿ ಅಮಾದೀಸನು ಸಾಯುವುದು ದೀಯಾಸನದರಲ್ಲಿ. ಆದ್ದರಿಂದ ಕಥೆ ಹುಟ್ಟಿದ ಸ್ಥಳದಲ್ಲಿ ಆ ಪುಸ್ತಕದ ನೆನಪು ಇದ್ದಿರಲೇಬೇಕು. ಒಂದೇ ಬಾರಿ ಅಚ್ಚಾದ ಪುಸ್ತಕದ ನೆನಪು ಶತಮಾನದ ಮೇಲೂ ಉಳಿದದ್ದು ಆ ಮರಣದ ಕಾರಣದಿಂದಲೇ. ಎರಡನೆಯದಾಗಿ, ಕಥೆಯಲ್ಲಿ ಅಳುವವರಲ್ಲಿ ದಾಸಿಯರೂ ಇದ್ದಾರೆ. ಅಕ್ಷರ ಬಾರದವರೂ ಅಳುತ್ತಿದ್ದರೆಂದರೆ ಯಾರೋ ಒಬ್ಬರು ಓದುತ್ತಿದ್ದರು, ಉಳಿದವರು ಸುತ್ತ ಕುಳಿತು ಕೇಳುತ್ತಿದ್ದರು ಎಂದಾಯಿತು. ನಮ್ಮ ಊರುಗಳಲ್ಲಿ ಗಮಕಿಯ ಮುಂದೆ ಜೈಮಿನಿ ಭಾರತವನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಡಾನ್ ಕ್ವಿಕ್ಸೋಟನ ಮೂವತ್ತೆರಡನೆಯ ಅಧ್ಯಾಯದಲ್ಲಿ ಛತ್ರದ ಯಜಮಾನನು ಸುಗ್ಗಿಯ ದಿನಗಳಲ್ಲಿ ಒಬ್ಬನು ಓದಿದರೆ ಮೂವತ್ತಕ್ಕಿಂತ ಹೆಚ್ಚು ಮಂದಿ ಸುತ್ತುಗಟ್ಟಿ ಕೇಳುವರೆಂದು ಹೇಳುತ್ತಾನೆ. ಮುದ್ರಣಗಳ ಎಣಿಕೆಯಿಂದ ವಾಚಕರ ಎಣಿಕೆಯನ್ನು ನೇರವಾಗಿ ಮಾಡಲಾಗದು. ಒಂದು ಪ್ರತಿಗೆ ಒಂದು ಮನೆ, ಒಂದು ಕೇರಿ.

ಇಂಥ ಕೇಳುಗರ ಶ್ರದ್ಧೆಯು ಹಿಂದೂದೇಶದ ತೀರವನ್ನೂ ಮುಟ್ಟಿತ್ತೆಂದು ೧೬೧೯ರಲ್ಲಿ ಪ್ರಕಟವಾದ ಫ್ರಾನ್ಸಿಸ್ಕೊ ರೊದ್ರೀಗೆಸ್ ಲೋಬೊ ಎಂಬವನ ಪೋರ್ಚುಗೀಸ್ ಸಂವಾದಗ್ರಂಥದಿಂದ ತಿಳಿಯುತ್ತದೆ. ಇಲ್ಲಿ ಒಂದು ನಗರಕ್ಕೆ ಮುತ್ತಿಗೆ ಹಾಕಿದ್ದ ಪೋರ್ಚುಗೀಸ್ ಸಿಪಾಯಿಗಳು ಬಿಡಾರದಲ್ಲಿ ವೀರಕಥೆಯೊಂದನ್ನು ಓದಿಕೊಳ್ಳುತ್ತಿದ್ದರಂತೆ. ಅವರಲ್ಲಿ ಒಬ್ಬ ಮುಗ್ಧನು ಅದರಲ್ಲಿರುವುದೆಲ್ಲವೂ ನಿಜವೆಂದು ನಂಬಿ, ಕಾಳಗದ ದಿನ ಶತ್ರುಗಳ ನಡುವೆ ಒಬ್ಬನೇ ನುಗ್ಗಿ ಸಾಯುವುದರಲ್ಲಿದ್ದನು. ಜತೆಗಾರರು ಬಿಡಿಸಿ ತಂದು ಬೈದಾಗ, ನೀವು ರಾತ್ರಿ ಓದುವ ವೀರರು ಮಾಡಿದ್ದರಲ್ಲಿ ಅರ್ಧವನ್ನೂ ತಾನು ಮಾಡಲಿಲ್ಲವಲ್ಲಾ ಎಂದನಂತೆ. ಇದೂ ಉತ್ಪ್ರೇಕ್ಷೆಯಿರಬಹುದು, ಆದರೆ ಉತ್ಪ್ರೇಕ್ಷೆಗೂ ಒಂದು ಆಧಾರ ಬೇಕು.

ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ವಾಚಕರು ನಿರಾಕರಿಸಿದ್ದು ಮರಣವನ್ನೇ, ಅಥವಾ ದೀಯಾಸನು ಅದನ್ನು ತಂದ ರೀತಿಯನ್ನೇ? ಇದಕ್ಕೆ ಉತ್ತರವನ್ನು ಮೊಂತಾಲ್ವೊನಿಗಿಂತ ಹಿಂದಕ್ಕೆ ಹೋಗಿ ಹುಡುಕಬೇಕಾಗಿದೆ. ಅಮಾದೀಸನ ಕಥೆ ಹದಿನಾಲ್ಕನೆಯ ಶತಮಾನದಲ್ಲಿಯೇ ಪ್ರಚಾರದಲ್ಲಿತ್ತು. ಬಾಯೆನಾನ ಪದ್ಯಸಂಕಲನದಲ್ಲಿ ಸೇರಿರುವ ಪೆರೊ ಫೆರ್ರುಸ್ ಕವಿಯ ಪದ್ಯವೊಂದರಿಂದ ಆಗ ಅದು ಮೂರು ಪುಸ್ತಕಗಳಾಗಿದ್ದುದು ಗೊತ್ತಾಗುತ್ತದೆ. ಅಲ್ಲಿ ಕವಿಯು ಅಮಾದೀಸನಿಗೆ ದೇವರು ಸದ್ಗತಿಯನ್ನು ಕೊಡಲೆಂದು ಹಾರೈಸುವುದರಿಂದ, ಆ ಹಳೆಯ ಕಥೆಯಲ್ಲಿ ನಾಯಕನು ಸಾಯುತ್ತಿದ್ದನೆಂದು ಊಹಿಸಲಾಗಿದೆ. ಅರ್ಜೆಂಟೀನದ ವಿದುಷಿ ಮರಿಯಾ ರೋಸಾ ಲೀದಾ ದೆ ಮಾಲ್ಕಿಯೆಲ್ ೧೯೫೦ರ ದಶಕದ ಆರಂಭದಲ್ಲಿ ಈ ಊಹೆಯನ್ನು ವಿಸ್ತರಿಸಿ, ಮೂಲಕಥೆಯಲ್ಲಿ ಅಮಾದೀಸನು ಗುರುತು ತಿಳಿಯದೆ ಮಗನಾದ ಎಸ್ಪ್ಲಾಂದಿಯಾನನ ಕೈಯಿಂದಲೇ ಮಡಿಯುತ್ತಿದ್ದನೆಂದೂ, ಅದನ್ನು ಕಂಡ ಒರಿಯಾನಾ ಪ್ರಾಣ ಬಿಡುತ್ತಿದ್ದಳೆಂದೂ ವಾದಿಸಿದಳು. ಮೊಂತಾಲ್ವೊನ ಐದನೆಯ ಪುಸ್ತಕದಲ್ಲಿ ತಂದೆಮಕ್ಕಳ ದ್ವಂದ್ವಯುದ್ಧ ಈಗಲೂ ಇದೆ. ಅದರಲ್ಲಿ ಅಮಾದೀಸನು ಸತ್ತನೆಂಬ ಜನಜನಿತವಾದ ಮಾತು ಸರಿಯಲ್ಲವೆಂದು ಮೊಂತಾಲ್ವೊ ಕೆಲಸವಿಟ್ಟುಕೊಂಡು ಖಂಡಿಸುತ್ತಾನೆ. ಇಲ್ಲದ ಮಾತನ್ನು ಯಾರೂ ಖಂಡಿಸುವುದಿಲ್ಲ. ಸುಮಾರು ೧೪೨೦ರ ಹಸ್ತಪ್ರತಿಯ ಕೆಲವು ಹರಕುಗಳು ಬೆಳಕಿಗೆ ಬಂದು ೧೯೫೭ರಲ್ಲಿ ಪ್ರಕಟವಾದಾಗ, ಎಸ್ಪ್ಲಾಂದಿಯಾನನು ಮೊಂತಾಲ್ವೊನ ಹೊಸ ಸೃಷ್ಟಿಯಲ್ಲವೆಂಬುದೂ ಸ್ಥಿರಪಟ್ಟಿತು. ಬಭ್ರುವಾಹನನ ಬಾಣಕ್ಕೆ ಬಿದ್ದ ಅರ್ಜುನನನ್ನು ಬಲ್ಲ ನಮ್ಮ ವಾಚಕರಿಗೆ ಈ ಘಟನೆಯ ಶಕ್ತಿ ಎಷ್ಟೆಂಬುದು ತಿಳಿದಿದೆ. ಎರಡು ಕಥೆಗಳಿಗೂ ಚಾರಿತ್ರಿಕ ಸಂಬಂಧವನ್ನು ಕಲ್ಪಿಸುವುದು ಬೇಡ.

ಹಾಗಾದರೆ ಹದಿನಾಲ್ಕನೆಯ ಶತಮಾನದ ಕೇಳುಗರು ಅಮಾದೀಸನ ಮರಣವನ್ನು ಸಹಿಸಿದ್ದರು, ಬಹುಶಃ ಮೆಚ್ಚಿದ್ದರು. ಅವರಿಗೆ ಮರಣವು ಕಥೆಯ ಬೆನ್ನೆಲುಬಾಗಿತ್ತು. ತಂದೆಯ ಕೀರ್ತಿಯನ್ನು ಮಗನು ಅರಿಯದೆ ಕೊಲ್ಲುವಲ್ಲಿ ದುರಂತದ ನ್ಯಾಯವಿದೆ. ದೀಯಾಸನ ಪುಸ್ತಕದಲ್ಲಿ ಮರಣವು ಕಥೆಯಿಂದ ಹುಟ್ಟಲಿಲ್ಲ, ಪಂಚಾಂಗದಿಂದ ಹುಟ್ಟಿತು. ಮೊಂತಾಲ್ವೊ ದುರಂತವನ್ನು ತೆಗೆದು ಮಂತ್ರನಿದ್ರೆಯನ್ನು ಇಟ್ಟಮೇಲೆ ಈ ಲೋಕದಲ್ಲಿ ಕಾಲವು ನಿಂತುಹೋಗಿತ್ತು. ಆ ನಿಯಮವನ್ನು ಒಪ್ಪಿಯೇ ಜನರು ಮುಂದಿನ ಪುಸ್ತಕಗಳನ್ನು ಕೊಂಡಿದ್ದರು. ಅಮಾದೀಸನು ಸತ್ತನೆಂಬುದಕ್ಕಿಂತ, ಅವನೂ ತಮ್ಮ ಹಾಗೆಯೇ ವರ್ಷಕ್ಕೊಂದು ವರ್ಷ ಮುದುಕನಾಗುತ್ತಿದ್ದನೆಂಬುದು ಅವರಿಗೆ ಸಹಿಸಲಾಗದೆ ಹೋಯಿತೆಂದು ತೋರುತ್ತದೆ. ಮುದ್ರಣಯಂತ್ರವೂ ಇದರಲ್ಲಿ ಪಾಲುಗೊಂಡಿತ್ತು. ಹಸ್ತಪ್ರತಿಯ ಕಾಲದಲ್ಲಿ ಕಥೆಗೆ ಕೊನೆಯಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅಚ್ಚಿನ ಮನೆಗಳು ಪುಸ್ತಕದ ಮೇಲೆ ಪುಸ್ತಕವನ್ನು ನಿರೀಕ್ಷಿಸುವ ಜನರನ್ನು ಸೃಷ್ಟಿಸಿದ ಮೇಲೆ ಕೊನೆಯೆಂಬುದೇ ಒಂದು ವಚನಭಂಗವಾಯಿತು.

ಈ ಅನುಭವವನ್ನು ಚೆನ್ನಾಗಿ ಮನನಮಾಡಿದವನು ಸೆರ್ವಾಂಟೆಸ್. ೧೬೧೪ರಲ್ಲಿ ಅವೆಲ್ಯಾನೆದಾ ಎಂಬ ಕಳ್ಳಹೆಸರಿನಿಂದ ಯಾರೋ ಡಾನ್ ಕ್ವಿಕ್ಸೋಟನ ಎರಡನೆಯ ಭಾಗವನ್ನು ಹೊರಡಿಸಿದಾಗ, ಅವನು ೧೬೧೫ರ ತನ್ನ ಎರಡನೆಯ ಭಾಗದಲ್ಲಿ ನಾಯಕನನ್ನು ಹಾಸಿಗೆಯ ಮೇಲೆಯೇ ಸಾಯಿಸಿ, ಇವನನ್ನು ಮತ್ತೆ ಯಾರೂ ಎಬ್ಬಿಸದಿರಲೆಂದು ಮುನ್ನುಡಿಯಲ್ಲಿಯೇ ಹೇಳಿದನು. ದೀಯಾಸನು ಕೈಗೊಂಡ ಕಾರ್ಯವೂ ಇದೇ. ಆದರೆ ಕ್ವಿಕ್ಸೋಟನ ಮರಣವನ್ನು ಸುಳ್ಳೆಂದು ಸಾಧಿಸಿ ಜನರನ್ನು ಒಪ್ಪಿಸಬಲ್ಲ ಸಿಲ್ವಾ ಮತ್ತೊಬ್ಬನು ಹುಟ್ಟಲಿಲ್ಲ.

ಸಿಲ್ವಾ ೧೫೫೪ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ಅವನ ಕಥೆಯನ್ನೂ ಮತ್ತೊಬ್ಬನು ಎತ್ತಿಕೊಂಡು, ೧೫೪೬ರಲ್ಲಿ ಹನ್ನೆರಡನೆಯ ಪುಸ್ತಕವನ್ನು ಹೊರಡಿಸಿದ್ದನು. ಸ್ಪ್ಯಾನಿಷ್ ಮಾಲೆಯ ಸಂಖ್ಯೆಗಳನ್ನು ಆಮೇಲೆ ಯಾರೂ ತಿದ್ದಲಿಲ್ಲ. ಏಳರ ಕಥೆಯನ್ನು ಹಿಡಿದು ಹೊರಟ ವಾಚಕನು ಎಂಟನ್ನು ದಾಟಿ ಒಂಬತ್ತಕ್ಕೆ ಹೋಗುತ್ತಾನೆ; ಪುಸ್ತಕಸೂಚಿಗಳಲ್ಲಿ ಎಂಟನೆಯದು ಈಗಲೂ ತನ್ನ ಸ್ಥಾನದಲ್ಲಿಯೇ ಇದೆ.